ಕೊಂಡವನಿಗೇ ಬೀಗ: ವಿಡಿಯೋ ಆಟಗಳ ನಕಲು-ತಡೆಯ ನಾಲ್ಕು ದಶಕಗಳು

ಪುಸ್ತಕವೊಂದನ್ನು ಕೊಂಡವನು ಅದನ್ನು ಓದಬಹುದು, ನೆರೆಯವರಿಗೆ ಎರವಲು ಕೊಡಬಹುದು, ಮಕ್ಕಳ ಕೈಗೆ ಒಪ್ಪಿಸಬಹುದು. ಪ್ರಕಟಿಸಿದ ಸಂಸ್ಥೆ ಮುಚ್ಚಿಹೋಗಿ ಐವತ್ತು ವರ್ಷ ಕಳೆದರೂ ಅದರ ಪುಟಗಳು ತೆರೆಯುತ್ತವೆ. ನಮ್ಮ ಮನೆಗಳ ಹುಡುಗ ಹುಡುಗಿಯರು ಇಂದು ಹಣ ತೆತ್ತು ಪಡೆಯುವ ವಿಡಿಯೋ ಆಟಗಳಿಗೆ ಈ ಭರವಸೆಯಿಲ್ಲ. ಮಾರಿದ ಸಂಸ್ಥೆ ಮನಸ್ಸು ಬದಲಿಸಿದ ದಿನ ಅವು ನಿಂತುಹೋಗಬಹುದು. ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ಕಳ್ಳನಕಲನ್ನು ತಡೆಯಬೇಕೆಂಬ ನ್ಯಾಯವಾದ ಆಸೆಯಿಂದ ಹೊರಟ ದಾರಿಯೊಂದು ಪ್ರಾಮಾಣಿಕ ಗ್ರಾಹಕನ ಬಾಗಿಲಿಗೇ ಬೀಗ ಜಡಿಯುವಲ್ಲಿಗೆ ಹೇಗೆ ಬಂದು ಮುಟ್ಟಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಮೊದಲಿಗೆ ತಯಾರಕರ ಅಳಲನ್ನು ಕೇಳಬೇಕು. 1976ರ ಫೆಬ್ರವರಿಯಲ್ಲಿ, ಆಗಿನ್ನೂ ಇಪ್ಪತ್ತರ ತರುಣನಾಗಿದ್ದ ಬಿಲ್ ಗೇಟ್ಸ್, ಅಮೆರಿಕದ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ತಾವು ರಚಿಸಿದ ತಂತ್ರಾಂಶವನ್ನು ಬಹುತೇಕರು ಹಣ ಕೊಡದೆ ನಕಲು ಮಾಡಿಕೊಂಡು ಬಳಸುತ್ತಿದ್ದಾರೆ, ಹೀಗಾದರೆ ಒಳ್ಳೆಯ ತಂತ್ರಾಂಶ ಬರೆಯುವವರು ಯಾರು ಎಂಬುದು ಅದರ ತಾತ್ಪರ್ಯ. ಆ ಪ್ರಶ್ನೆ ಅಂದೂ ಸತ್ಯ, ಇಂದೂ ಸತ್ಯ. ತಾಳೆಗರಿಯ ಗ್ರಂಥವನ್ನು ನಕಲು ಮಾಡಲು ತಿಂಗಳುಗಳು ಬೇಕಾಗಿದ್ದವು, ಫ್ಲಾಪಿಯ ನಕಲಿಗೆ ಕೆಲವು ನಿಮಿಷ ಸಾಕಾಗಿತ್ತು. ನಕಲು ಇಷ್ಟು ಸುಲಭವಾದಾಗ ಕೃತಿಕಾರನ ಅನ್ನ ಉಳಿಯುವುದು ಹೇಗೆ?

1980ರ ದಶಕದ ಉತ್ತರಗಳು ಇಂದು ನಗೆ ತರಿಸುತ್ತವೆ. ಬ್ರಿಟನ್ನಿನಲ್ಲಿ 'ಎಲೀಟ್' ಎಂಬ ಆಟದ ಸ್ಪೆಕ್ಟ್ರಮ್ ಆವೃತ್ತಿಯೊಡನೆ 'ಲೆನ್ಸ್‌ಲಾಕ್' ಎಂಬ ಪ್ಲಾಸ್ಟಿಕ್ ಮಸೂರವೊಂದು ಬರುತ್ತಿತ್ತು. ಟಿ.ವಿ. ಪರದೆಯ ಮೇಲೆ ಚೆದರಿದಂತೆ ಕಾಣುವ ಎರಡು ಅಕ್ಷರಗಳನ್ನು ಆ ಮಸೂರದ ಮೂಲಕ ಓದಿ ಒತ್ತಿದರಷ್ಟೇ ಆಟ ಆರಂಭವಾಗುತ್ತಿತ್ತು. ಪರದೆ ತೀರ ದೊಡ್ಡದಾದರೂ ತೀರ ಚಿಕ್ಕದಾದರೂ ಅಕ್ಷರ ಕೂಡುತ್ತಿರಲಿಲ್ಲ. ಕೆಲವು ಪ್ರತಿಗಳ ಜೊತೆ ಬೇರೆ ಆಟದ ಮಸೂರವೇ ಹೋಗಿ, ಹಣ ಕೊಟ್ಟವರು ಹೊರಗುಳಿದರು. 1989ರ 'ಸಿಮ್‌ಸಿಟಿ' ಆಟದೊಡನೆ ಕಡುಗೆಂಪು ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಅಚ್ಚಾದ ಸಂಕೇತಪಟ್ಟಿ ಬಂತು. ಜೆರಾಕ್ಸ್ ಯಂತ್ರಕ್ಕೆ ಅದು ಕಾಣಬಾರದೆಂಬುದು ಉದ್ದೇಶ, ಆದರೆ ಕೊಂಡವನ ಕಣ್ಣಿಗೂ ಅದು ಕಷ್ಟದಿಂದಲೇ ಕಾಣುತ್ತಿತ್ತು. 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಆಟಕ್ಕೆ ಕಡಲ್ಗಳ್ಳರ ಮುಖಗಳನ್ನು ಹೊಂದಿಸುವ ಕಾಗದದ ಚಕ್ರವಿತ್ತು. ಆ ಚಕ್ರ ಕಳೆದುಹೋದರೆ ಡಿಸ್ಕ್ ಕೈಯಲ್ಲಿದ್ದೂ ಆಟವಿಲ್ಲ.

ಯಂತ್ರದೊಳಗೇ ಬೀಗವಿಡುವ ಉಪಾಯವೂ ಇದೇ ಕಾಲದ್ದು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಸ್ವದೇಶದಲ್ಲಿ ಮಾರಿದ ಆಟದ ಯಂತ್ರದಲ್ಲಿ ಇಂಥ ಬೀಗವಿರಲಿಲ್ಲ. 1985ರಲ್ಲಿ ಅಮೆರಿಕಕ್ಕೆ ಹೋದ ಯಂತ್ರದಲ್ಲಿ, ಅನುಮತಿಯಿಲ್ಲದ ಕಾರ್ಟ್ರಿಜ್‌ಗಳನ್ನು ತಡೆಯುವ ಚಿಪ್ ಒಂದನ್ನು ಕೂರಿಸಲಾಯಿತು. ಯಂತ್ರ ಹಳತಾಗಿ ಒಳಗಿನ ಲೋಹದ ತುದಿಗಳು ಸವೆದಾಗ, ಈ ಚಿಪ್ ಅಸಲಿ ಕಾರ್ಟ್ರಿಜ್ಜನ್ನೂ ಗುರುತಿಸದೆ ಯಂತ್ರವನ್ನು ಮತ್ತೆ ಮತ್ತೆ ಮೊದಲಿನಿಂದ ಚಾಲೂ ಮಾಡುತ್ತಿತ್ತು. ಮಿಣುಕುತ್ತಿದ್ದ ಕೆಂಪು ದೀಪವನ್ನು ನೋಡುತ್ತ ಕುಳಿತ ಮಕ್ಕಳು ಯಾವ ಕಳ್ಳತನವನ್ನೂ ಮಾಡಿದವರಲ್ಲ.

ಸಿ.ಡಿ.ಗಳ ಕಾಲ ಬಂದಾಗ ಕಾವಲುಗಾರ ಗ್ರಾಹಕನ ಮನೆಯೊಳಕ್ಕೇ ಪ್ರವೇಶಿಸಿದ. 'ಸೇಫ್‌ಡಿಸ್ಕ್' ಎಂಬ ವ್ಯವಸ್ಥೆ ಕಂಪ್ಯೂಟರಿನ ಮೂಲ ತಂತ್ರಾಂಶದ ಒಳಪದರದಲ್ಲಿ ತನ್ನದೊಂದು ತುಣುಕನ್ನು ಸ್ಥಾಪಿಸಿಕೊಳ್ಳುತ್ತಿತ್ತು. 2007ರಲ್ಲಿ ಆ ತುಣುಕಿನಲ್ಲೇ ಭದ್ರತಾ ದೋಷ ಪತ್ತೆಯಾಗಿ, ಮೈಕ್ರೋಸಾಫ್ಟ್ ದುರಸ್ತಿ ಮಾಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗವಿದು. ಕೊನೆಗೆ 2015ರಲ್ಲಿ ಬಂದ ವಿಂಡೋಸ್ 10 ಈ ವ್ಯವಸ್ಥೆಗೆ ಎಡೆಯನ್ನೇ ಕೊಡಲಿಲ್ಲ. ಭದ್ರತೆಯ ದೃಷ್ಟಿಯಿಂದ ನಿರ್ಧಾರ ಸರಿಯೇ. ಆದರೆ ಅದರ ಫಲವಾಗಿ, ಅಂಗಡಿಯಲ್ಲಿ ಕೊಂಡು ಜೋಪಾನವಾಗಿಟ್ಟಿದ್ದ ನೂರಾರು ಆಟಗಳ ಅಸಲಿ ಡಿಸ್ಕುಗಳು ಹೊಸ ಕಂಪ್ಯೂಟರುಗಳಲ್ಲಿ ನಿರುಪಯುಕ್ತವಾದವು. ಬೀಗ ಒಡೆದ ನಕಲುಗಳು ಮಾತ್ರ ಎಂದಿನಂತೆ ನಡೆದವು.

2008ರ 'ಸ್ಪೋರ್' ಆಟ ಈ ಚರಿತ್ರೆಯ ಒಂದು ತಿರುವು. ಕೊಂಡವರು ಅದನ್ನು ಮೂರು ಬಾರಿ ಮಾತ್ರ ಸಕ್ರಿಯಗೊಳಿಸಬಹುದೆಂದು ಪ್ರಕಾಶಕ ಸಂಸ್ಥೆ ಇಲೆಕ್ಟ್ರಾನಿಕ್ ಆರ್ಟ್ಸ್ ಮಿತಿ ಹಾಕಿತು. ಗ್ರಾಹಕರ ಪ್ರತಿಭಟನೆ ಭುಗಿಲೆದ್ದಿತು, ಅಮೆರಿಕದಲ್ಲಿ ಮೊಕದ್ದಮೆ ಹೂಡಲಾಯಿತು, ಮಿತಿಯನ್ನು ಐದಕ್ಕೆ ಏರಿಸಲಾಯಿತು. ಇತ್ತ ಬೀಗ ಒಡೆದ ಪ್ರತಿ ಆಟದ ಬಿಡುಗಡೆಗೆ ಮುನ್ನವೇ ಹರಿದಾಡುತ್ತಿತ್ತು. ಆ ವರ್ಷ ಅತಿ ಹೆಚ್ಚು ಕಳ್ಳನಕಲಾದ ಆಟಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸ್ಪೋರ್‌ಗೇ ದಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕದ್ದವನಿಗೆ ಯಾವ ತಡೆಯೂ ಇರಲಿಲ್ಲ, ಕೊಂಡವನಿಗೆ ಮೂರು ಬಾರಿಯ ಲೆಕ್ಕವಿತ್ತು.

ಅನಂತರದ ಹೆಜ್ಜೆ ಸದಾ ಅಂತರ್ಜಾಲದ ಸಂಪರ್ಕವಿರಬೇಕೆಂಬ ಷರತ್ತು. 2010ರ ಮಾರ್ಚಿನಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಈ ಷರತ್ತಿನೊಡನೆ ಆಟಗಳನ್ನು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಅದರ ಸರ್ವರುಗಳ ಮೇಲೆ ದಾಳಿ ನಡೆದು, ಒಬ್ಬರೇ ಕುಳಿತು ಆಡುವ ಆಟವೂ ಎಷ್ಟೋ ಮಂದಿಗೆ ತೆರೆಯದಾಯಿತು. 2013ರ ಮಾರ್ಚಿನಲ್ಲಿ ಹೊಸ 'ಸಿಮ್‌ಸಿಟಿ' ಬಂದಾಗ, ಮೊದಲ ದಿನಗಳ ದಟ್ಟಣೆಯನ್ನು ಸರ್ವರುಗಳು ತಾಳಲಾರದೆ ಗ್ರಾಹಕರು ಗಂಟೆಗಟ್ಟಲೆ ಕಾದರು. ಅಮೆಜಾನ್ ಅದರ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತು. ಸಂಪರ್ಕವಿಲ್ಲದೆ ಆಟ ನಡೆಸುವುದು ಬಹಳ ಕಷ್ಟವೆಂದು ತಯಾರಕರು ವಾದಿಸಿದ್ದರೂ, ಒಂದು ವರ್ಷದ ಬಳಿಕ ಅವರೇ ಆ ಸೌಲಭ್ಯವನ್ನು ಒದಗಿಸಿದರು. ಅದೇ ಹೆಸರಿನ 1989ರ ಆಟದ ಕೆಂಪು ಕಾಗದ ಕಣ್ಣಿಗೆ ಶ್ರಮ ಕೊಟ್ಟಿತ್ತು, ನಿಜ. ಆದರೆ ಕೊಂಡವನ ಕೈಯಿಂದ ಆಟವನ್ನು ಕಸಿಯುವ ಶಕ್ತಿ ಅದಕ್ಕಿರಲಿಲ್ಲ.

ಆ ಶಕ್ತಿ ಎಂಥದೆಂಬುದು 2024ರ ಮಾರ್ಚ್ 31ರಂದು ಸ್ಪಷ್ಟವಾಯಿತು. 2014ರಿಂದ ಮಾರಾಟದಲ್ಲಿದ್ದ 'ದಿ ಕ್ರೂ' ಎಂಬ ಆಟದ ಸರ್ವರುಗಳನ್ನು ಯೂಬಿಸಾಫ್ಟ್ ಅಂದು ಮುಚ್ಚಿತು. ಒಬ್ಬರೇ ಆಡುವ ಭಾಗವೂ ಸೇರಿ ಇಡೀ ಆಟ ನಿಂತುಹೋಯಿತು. ಡಿಸ್ಕ್ ಕೊಂಡವರ ಬಳಿ ಡಿಸ್ಕ್ ಮಾತ್ರ ಉಳಿಯಿತು. ಇದರಿಂದ ಕೆರಳಿದ ರಾಸ್ ಸ್ಕಾಟ್ ಎಂಬುವರು ಆರಂಭಿಸಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರಲ್ಲಿ ಯುರೋಪಿನ ಹತ್ತು ಲಕ್ಷಕ್ಕೂ ಮಿಕ್ಕಿದ ನಾಗರಿಕರು ಸಹಿ ಹಾಕಿದರು. ಕ್ಯಾಲಿಫೋರ್ನಿಯ ರಾಜ್ಯವಂತೂ, ಗ್ರಾಹಕನಿಗೆ ದೊರೆಯುವುದು ಒಡೆತನವಲ್ಲ, ಪರವಾನಗಿ ಮಾತ್ರ ಎಂಬುದನ್ನು ಮಾರುವಾಗಲೇ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನನ್ನು 2025ರ ಆರಂಭದಿಂದ ಜಾರಿಗೆ ತಂದಿದೆ.

ಗ್ರಾಹಕನ ನಷ್ಟಕ್ಕಿಂತ ದೊಡ್ಡ ನಷ್ಟವೊಂದಿದೆ, ಅದು ಚರಿತ್ರೆಯದು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳ ಪೈಕಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಇದಕ್ಕೆ ನಕಲು-ತಡೆಯೊಂದೇ ಕಾರಣವಲ್ಲ. ಆದರೆ ಹೀಗೆ ಮರೆಯಾದ ಆಟವನ್ನು ಉಳಿಸಬಯಸುವ ಗ್ರಂಥಾಲಯಕ್ಕೆ ಬೀಗ ತೆಗೆಯದೆ ಗತಿಯಿಲ್ಲ. ಬೀಗ ತೆಗೆಯುವುದನ್ನೇ ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆ ನಿಷೇಧಿಸಿತು. ಮೂರು ವರ್ಷಕ್ಕೊಮ್ಮೆ ವಿನಾಯಿತಿ ಬೇಡುವ ಅವಕಾಶವಿದೆ. 2015ರಲ್ಲಿ ಸರ್ವರ್ ಮುಚ್ಚಿದ ಆಟಗಳ ಸಂರಕ್ಷಣೆಗೆ ಸೀಮಿತ ವಿನಾಯಿತಿ ದೊರೆತರೂ, ಸಂಶೋಧಕರು ಗ್ರಂಥಾಲಯಕ್ಕೆ ಬಾರದೆ ದೂರದಿಂದಲೇ ಅಭ್ಯಾಸ ಮಾಡಲು ಕೋರಿದ ಅನುಮತಿಯನ್ನು 2024ರಲ್ಲಿ ನಿರಾಕರಿಸಲಾಯಿತು. ವಿಪರ್ಯಾಸವೆಂದರೆ, 1980ರ ದಶಕದ ಎಷ್ಟೋ ಆಟಗಳು ಇಂದು ನೋಡಲು ಸಿಗುವುದು ಅಂದು ಯಾರೋ ಬೀಗ ಒಡೆದು ಹಂಚಿದ ಪ್ರತಿಗಳಿಂದಲೇ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಹೆಚ್ಚು ವಿವೇಕದ್ದು. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಕಾಯಿದೆ ನಿಷೇಧಿಸದ ಕಾರ್ಯಕ್ಕೆ ಅದು ಅಡ್ಡಿಯಲ್ಲ. ನ್ಯಾಯವಾಗಿ ಪಡೆದ ಕಂಪ್ಯೂಟರ್ ತಂತ್ರಾಂಶ ಹಾಳಾದೀತೆಂದು ಕಾಪು ಪ್ರತಿ ಮಾಡಿಟ್ಟುಕೊಳ್ಳಲು 52ನೆಯ ಕಲಮು ಅವಕಾಶ ಕೊಡುತ್ತದೆ. ಕಳ್ಳನನ್ನೂ ಕಾಪಿಡುವವನನ್ನೂ ಬೇರೆ ಮಾಡಿ ನೋಡುವ ದೃಷ್ಟಿ ಇದು.

ಹಾಗಾದರೆ ತಯಾರಕರ ಅನ್ನದ ಪ್ರಶ್ನೆ? ಅದನ್ನು ತಳ್ಳಿಹಾಕುವಂತಿಲ್ಲ. 'ಡೆನುವೊ' ಎಂಬ ಇತ್ತೀಚಿನ ನಕಲು-ತಡೆಯನ್ನು ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಡುಗಡೆಯಾದೊಡನೆ ಬೀಗ ಒಡೆದರೆ ಆದಾಯದಲ್ಲಿ ಸರಾಸರಿ ಸುಮಾರು ಐದನೆಯ ಒಂದು ಪಾಲು ನಷ್ಟವಾಗುತ್ತದೆಂದು ಅಂದಾಜು ಮಾಡಿತು. ಆದರೆ ಹನ್ನೆರಡು ವಾರಗಳ ಅನಂತರ ಬೀಗ ಒಡೆದರೆ ನಷ್ಟ ಹೆಚ್ಚುಕಡಿಮೆ ಇಲ್ಲವೆಂದೂ ಅದು ಕಂಡುಕೊಂಡಿತು. ಎಂದರೆ, ಬೀಗಕ್ಕೆ ಪ್ರಯೋಜನವಿದ್ದರೂ ಅದು ಮೊದಲ ಮೂರು ತಿಂಗಳಿನದು. ಅದರಾಚೆಗೆ ಅದನ್ನು ತೆಗೆದುಹಾಕಿದರೆ ತಯಾರಕನಿಗೂ ಹಾನಿಯಿಲ್ಲ, ಕೊಂಡವನಿಗೂ ಚರಿತ್ರೆಗೂ ಲಾಭ. ಬೀಗವೇ ಇಲ್ಲದೆ ಆಟ ಮಾರುವ ಪೋಲೆಂಡಿನ 'ಗಾಗ್' ಮಳಿಗೆ 2008ರಿಂದಲೂ ನಡೆದುಬಂದಿರುವುದು ಇನ್ನೊಂದು ನಿದರ್ಶನ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಅದು ಪುಣ್ಯಕಾರ್ಯವೆನಿಸಿದ್ದು, ಪ್ರತಿ ಹೆಚ್ಚಿದಷ್ಟೂ ಕೃತಿ ಬದುಕುತ್ತದೆಂಬ ಅರಿವಿನಿಂದ. ಗಡಿಯಾಚೆಗಿನ ನಮ್ಮ ಸಂಘಗಳ ಕಪಾಟುಗಳಲ್ಲಿ ಹಳೆಯ ಪುಸ್ತಕವೊಂದರ ಉಳಿದ ಒಂದೇ ಪ್ರತಿಯನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಆಟವೆಂದು ಇವನ್ನು ಕಡೆಗಣಿಸುವುದು ಬೇಡ. ನಾಳೆ ಪುಸ್ತಕ, ಸಂಗೀತ, ಚಲನಚಿತ್ರಗಳೂ ಇದೇ ಬೀಗದ ಹಿಂದೆ ನಿಲ್ಲಬಹುದು. ಕೃತಿಕಾರನಿಗೆ ಅವನ ಫಲ ಸಲ್ಲಲಿ. ಸಂದ ಮೇಲೆ ಬೀಗದ ಕೈ ಕೊಂಡವನಿಗೂ ಗ್ರಂಥಭಂಡಾರಕ್ಕೂ ಸೇರಲಿ.