ಹೀಲಿಯಂ ಕೊಡಿಸಿದ ಬಿಡುಗಡೆ

ಇವತ್ತಿನ ಕಥೆ ಒಂದು ವಿಚಿತ್ರ ದ್ರವದ್ದು, ಅದರ ನೆಪದಲ್ಲಿ ಜೈಲಿನಿಂದ ಹೊರಬಂದ ಒಬ್ಬ ವಿಜ್ಞಾನಿಯದು.

ಹೀಲಿಯಂ ಅನಿಲವನ್ನು ಮೊದಲು ದ್ರವ ಮಾಡಿದ್ದು 1908ರಲ್ಲಿ, ಹಾಲೆಂಡಿನ ಲೈಡನ್‌ನಲ್ಲಿ, ಕಾಮರ್ಲಿಂಗ್ ಓನ್ಸ್. ಅದು ಕುದಿಯೋದೇ 4.2 ಕೆಲ್ವಿನ್‌ನಲ್ಲಿ, ಅಂದ್ರೆ ಸುಮಾರು ಮೈನಸ್ 269 ಡಿಗ್ರಿ. ಇನ್ನೂ ತಣ್ಣಗೆ ಮಾಡ್ತಾ 2.17 ಕೆಲ್ವಿನ್‌ಗಿಂತ ಕೆಳಗೆ ಇಳಿಸಿದ್ರೆ ಗುಳ್ಳೆ ಏಳೋದು ಥಟ್ಟನೆ ನಿಂತುಹೋಗುತ್ತೆ. ಒಳಗೇನಾಯ್ತು? 1937ರ ತನಕ ಸರಿಯಾದ ಉತ್ತರ ಇರಲಿಲ್ಲ.

ಪ್ಯೋತ್ರ್ ಕಪಿಟ್ಸಾ ಕೇಂಬ್ರಿಡ್ಜ್‌ನಲ್ಲಿ ರುದರ್‌ಫರ್ಡ್ ಬಳಿ ಹೆಸರು ಮಾಡಿದ್ದ ರಷ್ಯನ್. 1934ರಲ್ಲಿ ಊರಿಗೆ ಅಂತ ಹೋದರು, ಸ್ಟಾಲಿನ್ ಸರ್ಕಾರ ವಾಪಸ್ ಬಿಡಲಿಲ್ಲ. (ರಜೆಗೆ ಬಂದು ವೀಸಾ ಸ್ಟ್ಯಾಂಪಿಂಗ್ ಸಿಗದೆ ಸಿಕ್ಕಿಹಾಕಿಕೊಂಡವರು ನಮ್ಮಲ್ಲೂ ಇದ್ದಾರೆ. ಆದ್ರೆ ಇಲ್ಲಿ ತಡೆದಿದ್ದು ಸ್ವಂತ ದೇಶವೇ!) ಕೊನೆಗೆ ಸೋವಿಯತ್ ಸರ್ಕಾರ 30,000 ಪೌಂಡ್ ಕೊಟ್ಟು ಅವರ ಉಪಕರಣಗಳನ್ನು ಕೇಂಬ್ರಿಡ್ಜ್‌ನಿಂದ ಮಾಸ್ಕೋಗೆ ತರಿಸಿತು.

ಅಲ್ಲಿ ಕಪಿಟ್ಸಾ ನುಣುಪಾಗಿ ಉಜ್ಜಿದ ಎರಡು ಗಾಜಿನ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟರು. ನಡುವಿನ ಸಂದು ಸುಮಾರು ಅರ್ಧ ಮೈಕ್ರಾನ್, ನಮ್ಮ ತಲೆಗೂದಲಿನ ನೂರನೇ ಒಂದು ಭಾಗ ಅನ್ನಬಹುದು. ಮಾಮೂಲಿ ದ್ರವ ಅಲ್ಲಿ ತಿಣುಕಾಡುತ್ತೆ. ತಣ್ಣನೆಯ ಹೀಲಿಯಂ ಮಾತ್ರ ತಡೆಯೇ ಇಲ್ಲವೇನೋ ಅನ್ನೋ ಹಾಗೆ ಜಾರಿಹೋಯ್ತು. ಅದಕ್ಕೆ ‘ಸೂಪರ್‌ಫ್ಲುಯಿಡ್’ ಅಂತ ಹೆಸರಿಟ್ಟವರು ಅವರೇ.

ಅದೇ ಹೊತ್ತಿಗೆ ಕಪಿಟ್ಸಾ ಬಿಟ್ಟುಹೋಗಿದ್ದ ಕೇಂಬ್ರಿಡ್ಜ್ ಲ್ಯಾಬ್‌ನಲ್ಲೇ ಆ್ಯಲೆನ್ ಮತ್ತು ಮೈಸ್‌ನರ್ ಎಂಬ ಇಬ್ಬರು ಕೆನಡಾದವರು, ಸಪೂರ ಗಾಜಿನ ನಳಿಗೆಗಳಲ್ಲಿ ಹರಿಸಿ ಇದನ್ನೇ ಕಂಡಿದ್ದರು. 1938ರ ಜನವರಿ 8ರ ‘ನೇಚರ್’ ಪತ್ರಿಕೆಯಲ್ಲಿ ಎರಡೂ ವರದಿಗಳು ಒಂದರ ಹಿಂದೊಂದು ಬಂದವು. 1978ರ ನೊಬೆಲ್‌ನಲ್ಲಿ ಮಾತ್ರ ಕಪಿಟ್ಸಾ ಹೆಸರಿತ್ತು, ಆ ಇಬ್ಬರದು ಇರಲಿಲ್ಲ. ನನ್ನ ಪ್ರಕಾರ ಇದು ಅನ್ಯಾಯವೇ.

ಆದ್ರೆ ಕಪಿಟ್ಸಾ ಈ ಶೋಧವನ್ನು ಇನ್ನೊಂದು ಕೆಲಸಕ್ಕೂ ಬಳಸಿಕೊಂಡರು.

1938ರ ಏಪ್ರಿಲ್ 28ರಂದು ಅವರ ಸಂಸ್ಥೆಯ ಲೆವ್ ಲ್ಯಾಂಡೌ ಬಂಧನವಾಯಿತು. ವಯಸ್ಸು 30. ಸ್ಟಾಲಿನ್ ವಿರುದ್ಧದ ಕರಪತ್ರವೊಂದರಲ್ಲಿ ಅವರ ಕೈವಾಡವಿತ್ತು. ಬಂಧಿತನ ಪರ ಮಾತಾಡಿದವನೂ ಒಳಗೆ ಹೋಗೋ ಕಾಲ ಅದು. ಕಪಿಟ್ಸಾ ಅದೇ ದಿನ ಸ್ಟಾಲಿನ್‌ಗೆ ಪತ್ರ ಬರೆದರು. ಪ್ರಯೋಜನವಾಗಲಿಲ್ಲ. ವರ್ಷ ಕಳೆದ ಮೇಲೆ ಪ್ರಧಾನಿ ಮೊಲೊಟೊವ್‌ಗೆ ಬರೆದರು. ಈ ಸಲ ಕರುಣೆಗಿಂತ ಕೆಲಸದ ಲೆಕ್ಕ ಮುಂದಿತ್ತು: ದ್ರವ ಹೀಲಿಯಂನಲ್ಲಿ ಹೊಸದೇನೋ ಸಿಕ್ಕಿದೆ, ಅದನ್ನು ಬಿಡಿಸಲು ಸಿದ್ಧಾಂತ ಬಲ್ಲವರೊಬ್ಬರು ಬೇಕು, ಅದಕ್ಕೆ ತಕ್ಕವರು ಲ್ಯಾಂಡೌ, ಅವರು ಜೈಲಲ್ಲಿದ್ದಾರೆ. 1939ರ ಏಪ್ರಿಲ್ ಕೊನೆಯಲ್ಲಿ, ಕಪಿಟ್ಸಾ ತಾವೇ ಜಾಮೀನು ನಿಂತ ಮೇಲೆ, ಲ್ಯಾಂಡೌ ಹೊರಬಂದರು.

ಕೊಟ್ಟ ಕಾರಣ ಬರೀ ನೆಪವಾಗಿ ಉಳಿಯಲಿಲ್ಲ ನೋಡಿ. 1941ರಲ್ಲಿ ಲ್ಯಾಂಡೌ ಸೂಪರ್‌ಫ್ಲುಯಿಡ್ ಹೀಲಿಯಂ ಸಿದ್ಧಾಂತ ಮುಂದಿಟ್ಟರು. ಅದರ ಪ್ರಕಾರ ಈ ದ್ರವದಲ್ಲಿ ಶಾಖವೂ ಶಬ್ದದ ಹಾಗೆ ಅಲೆಯಾಗಿ ಸಾಗಬೇಕು. 1944ರಲ್ಲಿ ಅದೇ ಸಂಸ್ಥೆಯ ಪೆಷ್ಕೋವ್ ಆ ಅಲೆಯನ್ನು ಪ್ರಯೋಗದಲ್ಲಿ ಹಿಡಿದರು.