ಬಂಕಂಗಾಗಿ ನಾಲ್ಕು ಮಾತು

ಅಮೆರಿಕದ ಪೌರತ್ವಕ್ಕೆ ಅರ್ಜಿ ಗುಜರಾಯಿಸಿದವರ ಮನೆಯಲ್ಲಿ ಕೆಲವು ತಿಂಗಳು ಪರೀಕ್ಷೆಯ ಕಾವು ಇರುತ್ತದೆ. ವರ್ಜೀನಿಯಾದ ಆಶ್‌ಬರ್ನ್, ಅಟ್ಲಾಂಟಾ ಮಗ್ಗುಲಿನ ಆಲ್ಫರೆಟ್ಟಾ, ನಾರ್ತ್ ಕ್ಯಾರೊಲಿನಾದ ಕ್ಯಾರಿಯಂಥ ಊರುಗಳ ಕನ್ನಡ ಮನೆಗಳಲ್ಲಿ ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಪ್ರಶ್ನೋತ್ತರವೂ ನಡೆಯುತ್ತದೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಮೇಷ್ಟ್ರಾಗುತ್ತಾರೆ, ಅಪ್ಪ-ಅಮ್ಮ ತಡವರಿಸುತ್ತಾರೆ. ಮೊದಲು 100 ಪ್ರಶ್ನೆಗಳ ಪಟ್ಟಿಯಿಂದ ಹತ್ತನ್ನು ಕೇಳಿ, ಆರು ಸರಿಯಾದರೆ ಬಿಟ್ಟುಬಿಡುತ್ತಿದ್ದರು. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೆ ಬೆಳೆದಿದೆ. ಇಪ್ಪತ್ತು ಪ್ರಶ್ನೆಗಳಲ್ಲಿ ಹನ್ನೆರಡಕ್ಕಾದರೂ ಸರಿಯುತ್ತರ ಹೇಳಬೇಕು.

ಆ ಪಟ್ಟಿಯಲ್ಲಿ ಸಪ್ಪೆಯಾಗಿ ಕಾಣುವ ಪ್ರಶ್ನೆಯೊಂದಿದೆ: ಪ್ರತಿನಿಧಿ ಸಭೆಯ ಸದಸ್ಯರು ಪ್ರತಿನಿಧಿಸುವುದು ಯಾರನ್ನು? ತಮ್ಮ ಕ್ಷೇತ್ರದ ಜನರನ್ನು ಎಂದರೆ ಅಂಕ ಸಿಗುತ್ತದೆ. ಹೆಚ್ಚುಕಡಿಮೆ ಇದೇ ಉತ್ತರವನ್ನು 1820ರಲ್ಲಿ ಒಬ್ಬಾತ ಅದೇ ಸಭೆಯಲ್ಲಿ ನಿಂತು ಹೇಳಿದ. ಆತನಿಗೆ ಸಿಕ್ಕಿದ್ದು ಅಂಕವಲ್ಲ, ಎರಡು ಶತಮಾನ ಉಳಿದ ಅಪಹಾಸ್ಯ. ಆತ ಬಾಯಲ್ಲಿ ಎತ್ತಿದ ಜಿಲ್ಲೆಯ ಹೆಸರೇ ಇಂಗ್ಲಿಷಿನಲ್ಲಿ ಬೊಗಳೆ, ಬುರುಡೆ, ಓಳು ಎಂಬುದಕ್ಕೆಲ್ಲ ಒಂದೇ ಪದವಾಗಿ ನಿಂತಿತು. ಆ ಪದ ‘ಬಂಕಂ’. ವಂದೇ ಮಾತರಂ ಬರೆದ ಬಂಕಿಮಚಂದ್ರರಿಗೂ ಇದಕ್ಕೂ ನಂಟಿಲ್ಲ.

ಬಂಕಂ ನಾರ್ತ್ ಕ್ಯಾರೊಲಿನಾದ ಪಶ್ಚಿಮದಂಚಿನ ಗುಡ್ಡಗಾಡು ಜಿಲ್ಲೆ. ಆಶ್‌ವಿಲ್ ಅದರ ಜಿಲ್ಲಾಕೇಂದ್ರ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಬಿ ಮತ್ತು ಇ ಅಕ್ಷರಗಳ ಬಾಲವಿದ್ದರೂ ಉಚ್ಚಾರದಲ್ಲಿ ಅವು ಬಿದ್ದುಹೋಗುತ್ತವೆ. ಜಿಲ್ಲೆಗೆ ಹೆಸರು ಬಂದದ್ದು ಕರ್ನಲ್ ಎಡ್ವರ್ಡ್ ಬಂಕಂ ಎಂಬ ಸೇನಾನಿಯಿಂದ. ಆತ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿ, 1777ರ ಜರ್ಮನ್‌ಟೌನ್ ಕಾಳಗದಲ್ಲಿ ಗಾಯಗೊಂಡು ಬ್ರಿಟಿಷರ ಕೈಗೆ ಸಿಕ್ಕಿ, ಸೆರೆಯಲ್ಲೇ ಸತ್ತ. ನಿದ್ದೆಗಣ್ಣಲ್ಲಿ ನಡೆದು ಮೆಟ್ಟಿಲಿಂದ ಬಿದ್ದು ಗಾಯ ಬಾಯಿಬಿಟ್ಟಿತಂತೆ. ಆತನ ಮನೆ ಇದ್ದದ್ದು ರಾಜ್ಯದ ಇನ್ನೊಂದು ತುದಿಯಲ್ಲಿ, ಕರಾವಳಿಯ ಕಡೆ. ಬಂದವರಿಗೆಲ್ಲ ಬಾಗಿಲು ತೆರೆದಿಟ್ಟ ಅತಿಥಿಪ್ರಿಯನೆಂದು ಹೆಸರಾಗಿದ್ದ. ತನ್ನ ಹೆಸರಿನ ಬೆಟ್ಟದ ಜಿಲ್ಲೆ 1790ರ ದಶಕದಲ್ಲಿ ಹುಟ್ಟುವ ಹೊತ್ತಿಗೆ ಆತ ಇರಲಿಲ್ಲ. ಆ ಹೆಸರು ಮುಂದೆ ಏನಾಯಿತೆಂದು ತಿಳಿಯದೆ ಹೋದದ್ದು ಅವನ ಪುಣ್ಯ.

ಹೆಸರು ಕೆಡಿಸಿದವನು ಫೀಲಿಕ್ಸ್ ವಾಕರ್. ಹರೆಯದಲ್ಲಿ, 1775ರಲ್ಲಿ, ಡೇನಿಯಲ್ ಬೂನ್ ಜತೆ ಕೆಂಟಕಿಯ ಕಾಡಿಗೆ ದಾರಿ ಕಡಿದು ಹೊರಟ ತಂಡದಲ್ಲಿದ್ದವನು. 1817ರಿಂದ 1823ರವರೆಗೆ ಪ್ರತಿನಿಧಿ ಸಭೆಯಲ್ಲಿದ್ದ. 1820ರ ಫೆಬ್ರವರಿ 25ರಂದು ಸಭೆಯ ಮುಂದಿದ್ದದ್ದು ಮಿಸೌರಿಯ ಪ್ರಶ್ನೆ: ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳಲು ಬಿಟ್ಟು ಅದನ್ನು ಒಕ್ಕೂಟಕ್ಕೆ ಸೇರಿಸಬಹುದೆ, ಕೂಡದೆ? ವಾರಗಟ್ಟಲೆ ವಾದವಾಗಿತ್ತು, ಎಲ್ಲರೂ ಬಳಲಿದ್ದರು, ಮತಕ್ಕೆ ಹಾಕುವುದೊಂದೇ ಬಾಕಿಯಿತ್ತು. ಆಗ ವಾಕರ್ ಎದ್ದು ನಿಂತ. ಸುತ್ತಲಿಂದ ‘ಮತಕ್ಕೆ ಹಾಕಿ, ಮತಕ್ಕೆ ಹಾಕಿ’ ಎಂಬ ಕೂಗು. ಕೂತುಕೋ ಮಾರಾಯ ಎಂದು ಸ್ನೇಹಿತರೂ ಬೇಡಿದರು. ತನ್ನನ್ನು ಕಳಿಸಿದ ಜನ ಮಾತು ಕಾಯುತ್ತಿದ್ದಾರೆ, ತಾನು ಮಾತಾಡುತ್ತಿರುವುದು ಈ ಸಭೆಗಾಗಿ ಅಲ್ಲ, ಬಂಕಂಗಾಗಿ ಎಂದ ವಾಕರ್. ಬೇಡವಾದವರು ಎದ್ದುಹೋಗಬಹುದು ಎಂದೂ ಹೇಳಿದನೆಂಬ ಕತೆಯಿದೆ. ಗದ್ದಲ ಗೆದ್ದಿತು, ಭಾಷಣ ನಡೆಯಲಿಲ್ಲ. ಮಾರ್ಚ್ 6ರಂದು ಅಧ್ಯಕ್ಷ ಮನ್ರೋ ಸಹಿ ಹಾಕಿದ ರಾಜಿಸೂತ್ರದಲ್ಲಿ ಮಿಸೌರಿಗೆ ಗುಲಾಮಗಿರಿಯ ಅನುಮತಿ ಸಿಕ್ಕಿತು. ಅದರ ಪಶ್ಚಿಮದ ನೆಲಕ್ಕೆ 36 ಡಿಗ್ರಿ 30 ನಿಮಿಷದ ಅಕ್ಷಾಂಶವನ್ನು ಗಡಿಯಾಗಿ ಎಳೆಯಲಾಯಿತು. ಅದು ಸುಮಾರಾಗಿ ವಾಕರನ ರಾಜ್ಯದ ಬಡಗಣ ಗಡಿಯದೇ ನೇರ.

ಕೇಳುವ ಕಿವಿ ಇದ್ದಿದ್ದರೂ ಅಂದು ಮಾತು ಸರಿಯಾಗಿ ಕೇಳುತ್ತಿತ್ತೆ ಎಂಬುದು ಬೇರೆ ಪ್ರಶ್ನೆ. 1814ರಲ್ಲಿ ಬ್ರಿಟಿಷರು ಸುಟ್ಟುಹಾಕಿದ್ದ ಕ್ಯಾಪಿಟಲ್ ಕಟ್ಟಡವನ್ನು ಮತ್ತೆ ಕಟ್ಟಿ, ಪ್ರತಿನಿಧಿಗಳು ಹೊಸ ಸಭಾಂಗಣಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಅರ್ಧವೃತ್ತದ ಆ ಅಂಗಣದ ನುಣುಪಾದ ಕಮಾನು ಸೂರು ಗೋಳಗುಮ್ಮಟದಂತೆ ಮಾತನ್ನು ಎಲ್ಲಿಂದೆಲ್ಲಿಗೋ ಎಸೆಯುತ್ತಿತ್ತು. ಪಕ್ಕದವನ ಮಾತು ಮಸುಕು, ಅತ್ತ ಮೂಲೆಯವನ ಪಿಸುಮಾತು ಸ್ಪಷ್ಟ. 1857ರಲ್ಲಿ ಸಭೆ ಬೇರೆಡೆಗೆ ಹೋಯಿತು. ಈಗ ಅದು ವಿಗ್ರಹಗಳ ಅಂಗಣ. ವಾಷಿಂಗ್ಟನ್ ನೋಡಲು ಬಂದವರಿಗೆ ಗೈಡುಗಳು ಆ ಪಿಸುಮಾತಿನ ಚಮತ್ಕಾರವನ್ನು ಇವತ್ತಿಗೂ ತೋರಿಸುತ್ತಾರೆ.

‘ಬಂಕಂಗಾಗಿ ಮಾತಾಡುವುದು’ ಎಂಬ ನುಡಿಗಟ್ಟು ಮೊದಲು ವಾಷಿಂಗ್ಟನ್ ರಾಜಕಾರಣಿಗಳ ನಗೆಮಾತಾಗಿ ಬಳಕೆಗೆ ಬಂತು. ಹೋಗ್ತಾ ಹೋಗ್ತಾ ಕಾಗುಣಿತ ಸವೆಯಿತು, ಊರು ಮರೆತುಹೋಯಿತು, ಟೊಳ್ಳು ಮಾತಿನ ಅರ್ಥ ಉಳಿಯಿತು. ಮುಂದಿನ ತಲೆಮಾರುಗಳು ಪದದ ಬಾಲವನ್ನೂ ಕತ್ತರಿಸಿ ‘ಬಂಕ್’ ಮಾಡಿದವು. ಚರಿತ್ರೆಯೆಲ್ಲ ಬಹುಪಾಲು ಬಂಕ್ ಎಂದು 1916ರಲ್ಲಿ ಪತ್ರಿಕೆಗೆ ಹೇಳಿ ಹೆನ್ರಿ ಫೋರ್ಡ್ ಅದಕ್ಕೆ ಜಗತ್ತಿನ ತುಂಬ ಪ್ರಚಾರ ಕೊಟ್ಟ. ಕನ್ನಡಿಗರಿಗೆ ಬಂಕ್ ಎಂದರೆ ಪೆಟ್ರೋಲ್ ಹಾಕಿಸುವ ಜಾಗ, ಇಲ್ಲವೇ ಕಾಲೇಜಿಗೆ ಚಕ್ಕರ್ ಹೊಡೆಯುವ ಕೆಲಸ. ಅವೆರಡೂ ಬೇರೆ ಬಳ್ಳಿಯ ಕಾಯಿಗಳು.

ಬಂಕ್ ಹುಟ್ಟಿದ ಮೇಲೆ ಅದನ್ನು ಕೀಳುವವರೂ ಬೇಕಲ್ಲ. 1923ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬಾತ ‘ಬಂಕ್’ ಎಂಬ ಕಾದಂಬರಿ ಬರೆದು, ಅದರಲ್ಲಿ ‘ಡಿಬಂಕ್’ ಎಂಬ ಕ್ರಿಯಾಪದವನ್ನು ಹೊಸೆದ. ಪರದೇಶದ ಪಂಡಿತರು ಮೂಗು ಮುರಿದರೂ ಪದ ನಿಂತಿತು. ವುಡ್‌ವರ್ಡ್ ಹುಟ್ಟಿದ್ದು ಸೌತ್ ಕ್ಯಾರೊಲಿನಾದಲ್ಲಿ. ಬೊಗಳೆಗೆ ಹೆಸರು ಕೊಟ್ಟದ್ದು ಒಂದು ಕ್ಯಾರೊಲಿನಾ, ಅದನ್ನು ಬಯಲಿಗೆಳೆಯುವ ಪದ ಕೊಟ್ಟದ್ದು ಇನ್ನೊಂದು. ವಾಷಿಂಗ್ಟನ್‌ನ ನೆರೆಯ ಬಾಲ್ಟಿಮೋರ್‌ನಲ್ಲಿ ಕೂತು ರಾಜಕಾರಣಿಗಳ ಚರ್ಮ ಸುಲಿಯುತ್ತಿದ್ದ ಪತ್ರಕರ್ತ ಎಚ್. ಎಲ್. ಮೆಂಕೆನ್‌ರ ರಾಜಕೀಯ ಬರಹಗಳನ್ನು 1956ರಲ್ಲಿ ಸಂಗ್ರಹಿಸಿದಾಗ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೂ ಬಂಕಂ ಇತ್ತು, ಹಳೆಯ ಕಾಗುಣಿತದಲ್ಲೇ.

ಈ ಸರಕಿಗೆ ಕನ್ನಡದಲ್ಲೇನೂ ಬರವಿಲ್ಲ. ಬುರುಡೆ, ಬಂಡಲ್, ಓಳು, ರೀಲು, ರೈಲು, ಎಲ್ಲವನ್ನೂ ನಾವು ‘ಬಿಡು’ತ್ತೇವೆ. ಇಂಗ್ಲಿಷಿನವರು ಬಂಕಂ ಆಡುತ್ತಾರೆ. ಕನ್ನಡದವರು ಮಾತ್ರ ಸುಳ್ಳನ್ನು ಕಟ್ಟುಬಿಚ್ಚಿ ಹೊರಕ್ಕೆ ಬಿಟ್ಟು, ಎತ್ತ ಹೋಗುತ್ತದೋ ಹೋಗಲಿ ಎಂದು ನೋಡುತ್ತ ನಿಲ್ಲುತ್ತಾರೆ. ರೆಕ್ಕೆಯೂ ಬೇಕೆನಿಸಿದರೆ ಕಾಗೆ ಹಾರಿಸುತ್ತಾರೆ. ಟಿ. ಪಿ. ಕೈಲಾಸಂ ಇಡೀ ನಾಟಕವನ್ನೇ ‘ಬಂಡ್ವಾಳ್ವಿಲ್ಲದ ಬಡಾಯಿ’ಗೆ ಮೀಸಲಿಟ್ಟರು, ಬಡಾಯಿ ಕೊಚ್ಚುವ ಕೆಲಸವನ್ನು ಒಬ್ಬ ಲಾಯರಿಗೆ ವಹಿಸಿದರು. ಆದರೆ ಇವು ಯಾವುವೂ ಬಂಕಂಗೆ ಸರಿಸಮ ಅಲ್ಲ. ಬುರುಡೆ ಎದುರಿಗಿದ್ದವನನ್ನು ಯಾಮಾರಿಸಲು ಬಿಡುವಂಥದು. ಬಂಕಂನಲ್ಲಿ ಎದುರಿಗಿದ್ದವನು ಲೆಕ್ಕಕ್ಕೇ ಇಲ್ಲ. ಮಾತು ಅವನ ತಲೆಯ ಮೇಲಿಂದ ಹಾದು ದೂರದ ಊರಿಗೆ ಹೋಗಬೇಕು.

ಸೌತ್ ಕ್ಯಾರೊಲಿನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ 1957ರ ಆಗಸ್ಟಿನಲ್ಲಿ ನಾಗರಿಕ ಹಕ್ಕುಗಳ ಮಸೂದೆ ವಿರುದ್ಧ 24 ಗಂಟೆ 18 ನಿಮಿಷ ನಿಂತು ಮಾತಾಡಿದ. ರಾಜ್ಯಗಳ ಚುನಾವಣಾ ಕಾನೂನುಗಳನ್ನು ಒಂದೊಂದಾಗಿ ಓದಿದ. ಇಂಥದಕ್ಕೆ ಅಲ್ಲಿ ಬೇರೆ ಪದವೇ ಇದೆ, ಫಿಲಿಬಸ್ಟರ್. ಅದು ಸ್ಪ್ಯಾನಿಷ್ ದಾರಿಯಲ್ಲಿ ಬಂದ ಕಡಲುಗಳ್ಳರ ಪದ. ಸದನದ ಸಮಯವನ್ನು ದೋಚುವುದು ಫಿಲಿಬಸ್ಟರ್, ಊರಿನ ಕಿವಿಗೆ ಹಾಕುವುದು ಬಂಕಂ. ಥರ್ಮಂಡ್ ಎರಡನ್ನೂ ಒಟ್ಟಿಗೆ ಮಾಡಿದ ಎನ್ನಬೇಕು. ಆತ ಕೂತ ಸ್ವಲ್ಪ ಹೊತ್ತಿಗೆ ಮಸೂದೆ ಅಂಗೀಕಾರವಾಯಿತು. ಊರಿನಲ್ಲಿ ಆತನ ಮತಗಳೇನೂ ಕಡಿಮೆಯಾಗಲಿಲ್ಲ.

ಬಂಕಂನ ನಿಜವಾದ ಸುಗ್ಗಿ ಬಂದದ್ದು ಟೀವಿಯಿಂದ. 1979ರ ಮಾರ್ಚ್ 19ರಂದು ಪ್ರತಿನಿಧಿ ಸಭೆಯ ಕಲಾಪ ಸಿ-ಸ್ಪ್ಯಾನ್ ವಾಹಿನಿಯಲ್ಲಿ ನೇರಪ್ರಸಾರವಾಗತೊಡಗಿತು. ದಿನದ ಕೆಲಸ ಮುಗಿದ ಮೇಲೆ ಸದಸ್ಯರು ತಮಗೆ ಬೇಕಾದ್ದನ್ನು ಮಾತಾಡಲು ಅವಕಾಶವಿತ್ತು. ಕೇಳಲು ಯಾರೂ ಕೂರುತ್ತಿರಲಿಲ್ಲ. ಜಾರ್ಜಿಯಾದಲ್ಲಿ ಅಟ್ಲಾಂಟಾ ಸುತ್ತಿನ ಕ್ಷೇತ್ರದಿಂದ ಬಂದಿದ್ದ ನ್ಯೂಟ್ ಗಿಂಗ್ರಿಚ್‌ಗೆ ಈ ಖಾಲಿ ಹೊತ್ತು ಚಿನ್ನದ ಗಣಿಯಾಗಿ ಕಂಡಿತು. ಕ್ಯಾಮೆರಾ ಇರುತ್ತಿದ್ದದ್ದು ಭಾಷಣಕಾರನ ಮುಖದ ಮೇಲಷ್ಟೆ. ಎದುರಾಳಿಗಳ ಹೆಸರೆತ್ತಿ ಸವಾಲು ಹಾಕಿ ಒಂದು ಗಳಿಗೆ ತಡೆದರೆ ಸಾಕು, ಅವರು ಸದನದಲ್ಲಿ ಬಾಯಿ ಕಟ್ಟಿ ಕೂತಿದ್ದಾರೆಂದು ಮನೆಯಲ್ಲಿ ನೋಡುವವರು ತಿಳಿಯುತ್ತಿದ್ದರು. 1984ರ ಮೇ 10ರಂದು ಸ್ಪೀಕರ್ ಟಿಪ್ ಓನೀಲ್ ಮುನ್ಸೂಚನೆ ಕೊಡದೆ ಕ್ಯಾಮೆರಾ ತಿರುಗಿಸಲು ಹೇಳಿದರು. ಖಾಲಿ ಕುರ್ಚಿಗಳ ಸಾಲು ದೇಶಕ್ಕೆಲ್ಲ ಕಂಡಿತು. ಆ ಕ್ಷಣ ಭಾಷಣ ಮಾಡುತ್ತಿದ್ದವನು ಗಿಂಗ್ರಿಚ್ ಬಳಗದ ಪೆನ್ಸಿಲ್ವೇನಿಯಾ ಸದಸ್ಯ. ಕಾಕತಾಳೀಯವೆಂದರೆ ಆತನ ಅಡ್ಡಹೆಸರೂ ವಾಕರ್! ಐದು ದಿನದ ಮೇಲೆ ಗಿಂಗ್ರಿಚ್ ಮತ್ತು ಓನೀಲ್ ನಡುವೆ ಸದನದಲ್ಲೇ ಜಟಾಪಟಿಯಾಗಿ, ಓನೀಲ್ ಆಡಿದ ಬಿರುನುಡಿಯನ್ನು ಕಡತದಿಂದ ತೆಗೆಯಬೇಕಾಯಿತು. ಹತ್ತು ವರ್ಷ ಕಳೆದು, 1995ರ ಜನವರಿಯಲ್ಲಿ, ಅದೇ ಸ್ಪೀಕರ್ ಪೀಠದಲ್ಲಿ ಗಿಂಗ್ರಿಚ್ ಕೂತಿದ್ದ. ಖಾಲಿ ಕುರ್ಚಿಗಳಿಗೆ ಆಡಿದ ಮಾತು ಎಲ್ಲಿಗೆ ತಲುಪಬೇಕಿತ್ತೋ ಅಲ್ಲಿಗೆ ತಲುಪಿತ್ತು.

ಹೀಗೆಂದು ದೂರದ ಊರಿಗೆ ಆಡಿದ ಮಾತೆಲ್ಲ ಟೊಳ್ಳೆಂದರೆ ಕನ್ನಡಿಗರೇ ಒಪ್ಪುವುದಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು, ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ಆ ಸಭೆಯ ಹೆಚ್ಚಿನವರಿಗೆ ಒಂದಕ್ಷರವೂ ತಿಳಿಯಲಿಲ್ಲ. 2022ರ ಮೇ ತಿಂಗಳಲ್ಲಿ ತುಮಕೂರು ಜಿಲ್ಲೆಯ ಶಿರಾ ಸೀಮೆಯಿಂದ ಹೋದ ಚಂದ್ರ ಆರ್ಯ ಕೆನಡಾದ ಸಂಸತ್ತಿನಲ್ಲಿ ಕನ್ನಡ ಆಡಿದಾಗ ಬೆಂಚಿನಲ್ಲಿದ್ದವರು ಸೌಜನ್ಯಕ್ಕೆ ಕೂತಿದ್ದರು. ಕೇಳಿಸಿಕೊಂಡದ್ದು ಕರ್ನಾಟಕದ ಮೊಬೈಲುಗಳು. ವಾಕರನ ವ್ಯಾಖ್ಯೆಯ ಪ್ರಕಾರ ಇವೂ ಶುದ್ಧ ಬಂಕಂ ಭಾಷಣಗಳೇ, ಆದರೂ ಬೊಗಳೆ ಎನ್ನಲು ನಾಲಿಗೆ ಏಳುವುದಿಲ್ಲ. ವಾಕರನ ಮಾತು ಹಗುರಾದದ್ದು ಊರಿಗಾಗಿ ಆಡಿದನೆಂಬ ಕಾರಣಕ್ಕಲ್ಲ. ಲಕ್ಷಾಂತರ ಜನರ ಕೊರಳಿಗೆ ಸಂಬಂಧಿಸಿದ ಪ್ರಶ್ನೆ ಮುಂದಿದ್ದಾಗ ಆತನಿಗೆ ತನ್ನ ಸರದಿಯೇ ದೊಡ್ಡದಾಯಿತು, ಆ ಜನರಲ್ಲಿ ಒಬ್ಬರಿಗೂ ಆತನ ಕ್ಷೇತ್ರದಲ್ಲಿ ಮತವಿರಲಿಲ್ಲ. ಇನ್ನು ವಾಷಿಂಗ್ಟನ್ ಪ್ರದೇಶದ ಕಾವೇರಿ ಕನ್ನಡ ಸಂಘವಿರಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟವಿರಲಿ, ಬೆಂಗಳೂರಿನ ಟೌನ್‌ಹಾಲೇ ಇರಲಿ, ‘ಎರಡೇ ಮಾತು ಹೇಳಿ ಮುಗಿಸುತ್ತೇನೆ’ ಎಂದು ಮೈಕು ಹಿಡಿಯುವ ಕನ್ನಡ ವೇದಿಕೆಯ ಸಂಪ್ರದಾಯ ಯಾವ ಜಾತಿಗೆ ಸೇರಿದ್ದೆಂದು ಕೇಳುಗರೇ ತೀರ್ಮಾನಿಸಲಿ.

ವಾಷಿಂಗ್ಟನ್ ನಗರದೊಳಗೇ ಮನೆ ಮಾಡಿದ ಕನ್ನಡಿಗರಿಗೆ ಮಾತ್ರ ಆ ಪೌರತ್ವದ ಪ್ರಶ್ನೆಗಳು ತುಸು ಕಹಿ. ರಾಜಧಾನಿ ಯಾವ ರಾಜ್ಯಕ್ಕೂ ಸೇರಿಲ್ಲ. ಅಲ್ಲಿನವರಿಗೆ ಸೆನೆಟರ್ ಇಲ್ಲ, ಪ್ರತಿನಿಧಿ ಸಭೆಯಲ್ಲಿ ಅವರು ಆರಿಸಿದವರು ಮಾತಾಡಬಹುದು, ಅಂತಿಮ ಮತ ಹಾಕುವಂತಿಲ್ಲ. ಪ್ರಾತಿನಿಧ್ಯವಿಲ್ಲದೆ ತೆರಿಗೆ ಎಂಬ ದೂರನ್ನು ಆ ಊರು 2000ದಿಂದ ಕಾರುಗಳ ನಂಬರ್ ಪ್ಲೇಟಿನ ಮೇಲೇ ಬರೆಯಿಸಿಕೊಂಡಿದೆ.

ಬಂಕಂ ಜಿಲ್ಲೆ ಮತ್ತೆ ದೇಶದ ಬಾಯಿಗೆ ಬಿದ್ದದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ. ಹೆಲೀನ್ ಚಂಡಮಾರುತ ತಂದ ಮಳೆಗೆ ಫ್ರೆಂಚ್ ಬ್ರಾಡ್ ನದಿ ಆಶ್‌ವಿಲ್‌ಗೆ ನುಗ್ಗಿತು, ರಸ್ತೆಗಳು ಕುಸಿದವು, ನಲ್ಲಿಯ ಕುಡಿಯುವ ನೀರಿಗೆ ವಾರಗಟ್ಟಲೆ ಕಾಯಬೇಕಾಯಿತು. ನಾರ್ತ್ ಕ್ಯಾರೊಲಿನಾದಲ್ಲಿ ಅತಿ ಹೆಚ್ಚು ಸಾವು ಕಂಡದ್ದು ಈ ಜಿಲ್ಲೆ. ನೀರಿಗಿಂತ ವೇಗವಾಗಿ ಹರಿದದ್ದು ವದಂತಿ. ಚಂಡಮಾರುತವನ್ನು ಸರ್ಕಾರವೇ ತಿರುಗಿಸಿತಂತೆ, ಚಿಮ್ನಿ ರಾಕ್ ಅಡಿಯ ಲಿಥಿಯಂ ಮೇಲೆ ಕಣ್ಣಂತೆ, ಜಮೀನು ವಶಪಡಿಸಿಕೊಳ್ಳುತ್ತಾರಂತೆ. ಹವಾಮಾನವನ್ನು ‘ಅವರು’ ನಿಯಂತ್ರಿಸಬಲ್ಲರು ಎಂದು ಪಕ್ಕದ ಜಾರ್ಜಿಯಾದ ಪ್ರತಿನಿಧಿಯೊಬ್ಬರು ಬಹಿರಂಗವಾಗಿಯೇ ಬರೆದರು. ಅಕ್ಟೋಬರ್ 8ರಂದು, ಬಂಕಂ ಸೇರಿದ 11ನೇ ಕ್ಷೇತ್ರದ ಪ್ರತಿನಿಧಿ ಚಕ್ ಎಡ್ವರ್ಡ್ಸ್, ಆ ಜಾರ್ಜಿಯಾ ಪ್ರತಿನಿಧಿಯ ಪಕ್ಷದವರೇ, ತಮ್ಮ ಮತದಾರರಿಗೆ ಬಹಿರಂಗ ಪತ್ರ ಬರೆದರು. ಹವಾಮಾನವನ್ನು ಯಾರೂ ನಿಯಂತ್ರಿಸಲಾರರು, ಲಿಥಿಯಂ ಕತೆ ಸುಳ್ಳು, ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಲಾರದು, ಕೈಗೆ ಮೊದಲು ಬರುವ 750 ಡಾಲರಿಗೇ ನೆರವು ಮುಗಿಯುವುದಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದ ಆ ಪತ್ರದ ಶೀರ್ಷಿಕೆ ‘ಡಿಬಂಕಿಂಗ್’ ಎಂಬ ಪದದಿಂದಲೇ ಶುರುವಾಗುತ್ತದೆ.