ಬಣ್ಣದ ಗುಂಡಿನ ಹಿಂದಿನ ಗಾಳಿ

ಸೋಡಾ ಶೀಶೆಯ ಮುಚ್ಚಳ ತೆರೆದಾಗ ಬುಸ್ಸೆಂದು ಹೊರಬರುವ ಅನಿಲ ನಿಮಗೆ ಪರಿಚಿತ. ಅದೇ ಕಾರ್ಬನ್ ಡೈಆಕ್ಸೈಡ್ ಪೇಂಟ್‌ಬಾಲ್ ಎಂಬ ಆಟದ ಹುಟ್ಟಿಗೆ ಕಾರಣವಾಯಿತು; ಆಟಗಾರರಿಗೆ ಬಹುಕಾಲ ತಲೆನೋವನ್ನೂ ತಂದಿತು. ಬಣ್ಣ ತುಂಬಿದ ಮೆದು ಗುಂಡನ್ನು ಹಾರಿಸುವ ಸಾಧನಕ್ಕೆ 'ಮಾರ್ಕರ್' ಎಂದು ಹೆಸರು. ಅದು ಕೆಡುವುದು ಹೆಚ್ಚಾಗಿ ಗಾಳಿಯ ಪೂರೈಕೆಯಲ್ಲೇ. ಏಕೆಂದು ತಿಳಿಯಲು ಸ್ವಲ್ಪ ಇತಿಹಾಸ ನೋಡೋಣ.

ಒತ್ತಿದ ಗಾಳಿಯಿಂದ ಗುಂಡು ಹಾರಿಸುವುದು ಹೊಸದೇನಲ್ಲ. 1780ರ ಸುಮಾರಿಗೆ ಆಸ್ಟ್ರಿಯದ ಸೇನೆಯು ಗಿರಾಂಡೋನಿ ಎಂಬಾತ ರೂಪಿಸಿದ ಗಾಳಿ ಬಂದೂಕನ್ನು ಬಳಕೆಗೆ ತಂದಿತು. ಅದರ ಹಿಡಿಯೇ ಗಾಳಿಯ ತೊಟ್ಟಿ. ಅದನ್ನು ತುಂಬಲು ಕೈಪಂಪನ್ನು ಸುಮಾರು 1500 ಬಾರಿ ಒತ್ತಬೇಕಿತ್ತು! ಗಾಳಿ ಸೋರದಂತೆ ತಡೆಯುತ್ತಿದ್ದುದು ಚರ್ಮದ ಬಿಲ್ಲೆ. ಅದು ಒಣಗಿದರೆ ಗಾಳಿಯೆಲ್ಲ ಸೋರಿಹೋಗುತ್ತಿತ್ತು. ಹೀಗೆ ಸೋರಿಕೆಯ ಸಮಸ್ಯೆಗೆ ಇನ್ನೂರು ವರ್ಷಕ್ಕೂ ಹೆಚ್ಚಿನ ವಯಸ್ಸು.

ಇನ್ನು ಮಾರ್ಕರ್‌ನ ಕಥೆ. ಅಮೆರಿಕದ ಮಿಷಿಗನ್ ರಾಜ್ಯದ ನೆಲ್ಸನ್ ಪೇಂಟ್ ಕಂಪನಿ ಅರಣ್ಯ ಸಿಬ್ಬಂದಿಗೆ ಮರ ಗುರುತಿಸುವ ಬಣ್ಣ ಮಾರುತ್ತಿತ್ತು. ದೂರದ ಮರಕ್ಕೂ ಗುರುತು ಹಾಕಲು ಬಣ್ಣದ ಗುಂಡುಗಳು ಬಂದವು. ಅವನ್ನು ಹಾರಿಸುವ ಪಿಸ್ತೂಲಿಗೆ ಡೈಸಿ ಕಂಪನಿಯ ಜೇಮ್ಸ್ ಹೇಲ್ 1974ರಲ್ಲಿ ಪೇಟೆಂಟ್ ಪಡೆದರು. ಅದೇ ನೆಲ್‌ಸ್ಪಾಟ್ 007. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನಿಕರ್ ಬಳಿಯ ಕಾಡಿನಲ್ಲಿ 12 ಮಂದಿ ಈ ಪಿಸ್ತೂಲು ಹಿಡಿದು ಮೊದಲ ಆಟ ಆಡಿದರು. ಗೆದ್ದವರು ಒಬ್ಬ ಅರಣ್ಯ ಕೆಲಸಗಾರ. ಅವರು ಒಂದು ಗುಂಡನ್ನೂ ಹಾರಿಸಿರಲಿಲ್ಲ!

ಆ ಪಿಸ್ತೂಲಿನ ಶಕ್ತಿಮೂಲ 12 ಗ್ರಾಂ ಕಾರ್ಬನ್ ಡೈಆಕ್ಸೈಡ್ ತುಂಬಿದ ಪುಟ್ಟ ಉಕ್ಕಿನ ಕರಂಡಕ. ಅದು ಬೇಗ ಮುಗಿಯುತ್ತಿದ್ದುದರಿಂದ ಮುಂದೆ ಮರುತುಂಬುವ ಸಿಲಿಂಡರ್ ಬಂತು. ಅದರೊಳಗೆ ಅನಿಲದ ಬಹುಪಾಲು ದ್ರವರೂಪದಲ್ಲಿರುತ್ತದೆ. ದ್ರವ ಉಳಿದಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾಯುಮಂಡಲದ ಒತ್ತಡದ ಸುಮಾರು 35 ಪಟ್ಟು, 20 ಡಿಗ್ರಿಯಲ್ಲಿ 57 ಪಟ್ಟು, 31 ಡಿಗ್ರಿಯಲ್ಲಿ 73 ಪಟ್ಟು. ಅಂದರೆ ಬೆಳಗ್ಗೆ ಸರಿಹೊಂದಿಸಿದ ಗುಂಡಿನ ವೇಗ ಮಧ್ಯಾಹ್ನಕ್ಕೆ ಬದಲಾಗಿರುತ್ತದೆ.

ನಿಮ್ಮ ಮನೆಯ ಅಡುಗೆ ಅನಿಲದ ಸಿಲಿಂಡರನ್ನು ದೀರ್ಘಕಾಲ ದೊಡ್ಡ ಉರಿಗೆ ಬಳಸಿದಾಗ ಮುಟ್ಟಿ ನೋಡಿದ್ದೀರಾ? ಅದು ತಣ್ಣಗಿರುತ್ತದೆ. ದ್ರವವು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಸಿಲಿಂಡರಿನಿಂದಲೇ ಪಡೆಯುವುದು ಇದಕ್ಕೆ ಕಾರಣ. ಮಾರ್ಕರ್‌ನಲ್ಲೂ ಹೀಗೆಯೇ. ಒಂದರ ಹಿಂದೊಂದು ಗುಂಡು ಹಾರಿಸಿದರೆ ಸಿಲಿಂಡರ್ ತಣಿದು ಒತ್ತಡ ಕುಸಿಯುತ್ತದೆ; ಗುಂಡು ಗುರಿ ಮುಟ್ಟದೆ ಬೀಳುತ್ತದೆ. ಸಾಧನ ಕೆಟ್ಟಿಲ್ಲ, ಸ್ವಲ್ಪ ಬಿಡುವು ಕೊಟ್ಟರೆ ಸಾಕು.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಉಂಟು. ಮಾರ್ಕರನ್ನು ಕೆಳಮುಖವಾಗಿ ಓರೆ ಮಾಡಿದಾಗ ದ್ರವವೇ ಕವಾಟಕ್ಕೆ ನುಗ್ಗಬಹುದು. ದ್ರವ ಆವಿಯಾಗಿ ಹೊರಗಿನ ಗಾಳಿಯ ಒತ್ತಡಕ್ಕೆ ಇಳಿದರೆ ಅದರ ಗಾತ್ರ ಸುಮಾರು 400 ಪಟ್ಟು ಹಿಗ್ಗುತ್ತದೆ. ಆಗ ನಳಿಕೆಯಿಂದ ಬಿಳಿ ಹಿಮ ಚಿಮ್ಮುತ್ತದೆ, ಗುಂಡಿನ ವೇಗ ಮಿತಿ ಮೀರುತ್ತದೆ. ಮೈದಾನಗಳಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಿತಿ ಸೆಕೆಂಡಿಗೆ 300 ಅಡಿ. ಕಣ್ಣಿಗೆ ಬಡಿದರೆ ಅದೂ ದೃಷ್ಟಿಯನ್ನು ಕಸಿಯಬಲ್ಲದು. ಪರಿಹಾರವಾಗಿ ಸಿಲಿಂಡರಿನೊಳಗೆ ಅನಿಲವನ್ನಷ್ಟೇ ಎಳೆಯುವ ಬಾಗಿದ ಕೊಳವೆಯನ್ನೂ, ದ್ರವ ಆವಿಯಾಗಲು ಜಾಗ ಕೊಡುವ ಹಿಗ್ಗು ಕೋಣೆಯನ್ನೂ ಅಳವಡಿಸಲಾಯಿತು.

ಈ ಚಳಿಗೆ ಮೊದಲು ಬಲಿಯಾಗುವುದು ರಬ್ಬರಿನ 'ಓ' ಉಂಗುರ. ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್ಸನ್ 1939ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕುಕ್ಕರಿನ ಗ್ಯಾಸ್ಕೆಟ್‌ನಂತೆ ಇದು ಅಮುಕಿಕೊಂಡು ಸಂದನ್ನು ಮುಚ್ಚುತ್ತದೆ. ತಣ್ಣಗಾದರೆ ಗಡುಸಾಗಿ ಆ ಗುಣ ಕಳೆದುಕೊಳ್ಳುತ್ತದೆ. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಏಳು ಮಂದಿಯನ್ನು ಬಲಿ ತೆಗೆದುಕೊಂಡ ದುರಂತದ ಮೂಲದಲ್ಲಿಯೂ ಚಳಿಗೆ ಗಡುಸಾದ ಇಂಥ ಉಂಗುರವೇ ಇತ್ತು. ಭೌತವಿಜ್ಞಾನಿ ಫೈನ್‌ಮನ್ ಹಿಮದ ನೀರಿನ ಲೋಟದಲ್ಲಿ ರಬ್ಬರಿನ ತುಂಡನ್ನು ಅದ್ದಿ ಇದನ್ನು ತೋರಿಸಿಕೊಟ್ಟರು.

1990ರ ದಶಕದಲ್ಲಿ ಒತ್ತಿದ ನೈಟ್ರೋಜನ್, ಬಳಿಕ ಒತ್ತಿದ ಗಾಳಿ ಬಳಕೆಗೆ ಬಂದವು. ಇವು ಸಿಲಿಂಡರಿನಲ್ಲಿ ದ್ರವವಾಗುವುದಿಲ್ಲ. ಚದರ ಅಂಗುಲಕ್ಕೆ 3000 ಅಥವಾ 4500 ಪೌಂಡ್ ಒತ್ತಡದಲ್ಲಿ ತುಂಬಿದ ಗಾಳಿಯನ್ನು ನಿಯಂತ್ರಕವು ಇಳಿಸಿ ಒಂದೇ ಮಟ್ಟದಲ್ಲಿ ಕೊಡುತ್ತದೆ. ಹಳೆಯ ತೊಂದರೆಗಳಲ್ಲಿ ಹಲವು ನೀಗಿದವು. ಆದರೆ ಒತ್ತಡ ಹೆಚ್ಚಿದಂತೆ ಎಚ್ಚರವೂ ಹೆಚ್ಚಬೇಕಾಯಿತು.

ಏಕೆಂದರೆ ತಪ್ಪಿಗೆ ಬೆಲೆ ಜೀವವೇ ಆಗಬಹುದು. 2004ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಸಿಲಿಂಡರ್ ಹಾರಿ ಬಡಿದು ಇಬ್ಬರು ಸತ್ತದ್ದನ್ನು ತಿಳಿಸಿ ಎಚ್ಚರಿಸಿತು. ಇಲ್ಲಿ ಎರಡು ತಿರುಪುಗಳಿವೆ ಎಂಬುದನ್ನು ಗಮನಿಸಿ: ಕವಾಟ ಮತ್ತು ಮಾರ್ಕರ್ ನಡುವೆ ಒಂದು, ಕವಾಟ ಮತ್ತು ಸಿಲಿಂಡರ್ ನಡುವೆ ಇನ್ನೊಂದು. ಬಿಚ್ಚಬೇಕಾದದ್ದು ಮೊದಲನೆಯದು. ಆಗ ಕವಾಟ ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡನೆಯದು ಸಡಿಲವಾಗಿದ್ದು ಅದೇ ಬಿಚ್ಚಿಕೊಂಡರೆ ಸಿಲಿಂಡರ್ ರಾಕೆಟ್ಟಿನಂತೆ ಹಾರುತ್ತದೆ.

ಆದ್ದರಿಂದ ನಿಮ್ಮ ಕೈಗೆ ಮಾರ್ಕರ್ ಬಂದಾಗ ಇಷ್ಟು ನೆನಪಿಡಿ. ಕವಾಟ ಮತ್ತು ಸಿಲಿಂಡರಿನ ಮೇಲೆ ಉಗುರುಬಣ್ಣದಿಂದ ಒಂದೇ ಅಡ್ಡಗೆರೆ ಎಳೆದಿಡಿ. ಬಿಚ್ಚುವಾಗ ಗೆರೆ ಮುರಿದರೆ ತಕ್ಷಣ ನಿಲ್ಲಿಸಿ, ತಜ್ಞರಿಗೆ ಒಪ್ಪಿಸಿ. ಸೋರಿಕೆ ಹುಡುಕಲು ಪಂಕ್ಚರ್ ಅಂಗಡಿಯವರಂತೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಉಂಗುರ ಬದಲಿಸುವ ಮುನ್ನ ಸಿಲಿಂಡರ್ ತೆಗೆದು, ಒಳಗುಳಿದ ಅನಿಲವನ್ನು ಹೊರಬಿಡಿ. ಒತ್ತಿದ ಗಾಳಿ ತುಂಬುವ ಮೂತಿಗೆ ಎಣ್ಣೆ ಸೋಕಿಸಬೇಡಿ, ಅದು ಹೊತ್ತಿಕೊಳ್ಳಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸಿಲಿಂಡರ್ ಬಿಡಬೇಡಿ. ಕಣ್ಣಿನ ಕವಚವಿಲ್ಲದೆ ಮೈದಾನಕ್ಕಂತೂ ಇಳಿಯಲೇಬೇಡಿ.